ಮಾರುಕಟ್ಟೆ ತೆರೆಯುವ ಮುನ್ನ: ಕಲ್ಯದ ಬೇಸಾಯ ಕಲಿಸಿದ ಆರು ಪಾಠಗಳು

ಮಾಗಡಿ ತಾಲ್ಲೂಕಿನ ಕಲ್ಯದ ಸುತ್ತಮುತ್ತ ನಮ್ಮದು ಹೆಚ್ಚಾಗಿ ಮಳೆಯನ್ನೇ ನಂಬಿದ ಬೇಸಾಯ. ಹೊಲಕ್ಕೆ ರಾಗಿ, ಕೆಂಪು ದಿಣ್ಣೆಗೆ ಮಾವು, ಕೊಳವೆಬಾವಿ ಇದ್ದವರಿಗೆ ಹಿಪ್ಪುನೇರಳೆ, ಕೊಟ್ಟಿಗೆಯಲ್ಲಿ ಸೀಮೆಹಸು. ರೇಷ್ಮೆಗೂಡು ಸರ್ಕಾರಿ ಹರಾಜಿಗೆ ಹೋಗುತ್ತದೆ, ಹಾಲು ಸಹಕಾರ ಸಂಘಕ್ಕೆ, ರಾಗಿ ಖರೀದಿ ಕೇಂದ್ರಕ್ಕೆ, ಮಾವು ಗುತ್ತಿಗೆದಾರನಿಗೆ. ಒಂದೇ ಮನೆಯವರು ನಾಲ್ಕು ಬಗೆಯ ಮಾರುಕಟ್ಟೆ ಕಾಣುತ್ತೇವೆ. 2020ರ ಮೂರು ಕೃಷಿ ಕಾಯ್ದೆಗಳು 2021ರಲ್ಲಿ ರದ್ದಾದರೂ ಮುಕ್ತ ಮಾರುಕಟ್ಟೆಯ ಚರ್ಚೆ ನಿಂತಿಲ್ಲ. ಆ ಚರ್ಚೆಗೆ ಈ ನಾಲ್ಕು ಮಾರುಕಟ್ಟೆಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಕಟ್ಟುಪಾಡಿದ್ದಲ್ಲೇ ಪೈಪೋಟಿ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ಹಿಂದೆ 1959ರ ರಾಜ್ಯ ಕಾಯ್ದೆ ಇದೆ. ಬೆಳಿಗ್ಗೆ ಗೂಡು ಸುರಿದು ಲಾಟ್ ನಂಬರ್ ಪಡೆದರೆ ನೂಲು ತೆಗೆಯುವ ರೀಲರುಗಳು ಸಾಲಾಗಿ ಬರುತ್ತಾರೆ. ಹಿಡಿ ಗೂಡು ಎತ್ತಿ ಬೆರಳಲ್ಲಿ ಒತ್ತುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಸತ್ತಿದೆಯೋ ಸರಿಯಿದೆಯೋ ಅವರಿಗೆ ಅಷ್ಟರಲ್ಲೇ ತಿಳಿಯುತ್ತದೆ. ಆಮೇಲೆ ಇ-ಹರಾಜು. ಯಾರು ಎಷ್ಟಕ್ಕೆ ಕೂಗಿದರು ಎಂಬುದು ಬಚ್ಚಿಡುವ ಮಾತಲ್ಲ. ಬೆಲೆ ಒಪ್ಪದಿದ್ದರೆ ಬೆಳೆದವನು ಬೇಡ ಎನ್ನಬಹುದು. ನಿಯಂತ್ರಣ ತೆಗೆದರೆ ಪೈಪೋಟಿ ಹೆಚ್ಚುತ್ತದೆ ಎನ್ನುವವರು ಒಂದು ದಿನ ಇಲ್ಲಿ ಬಂದು ನಿಲ್ಲಬೇಕು. ಇಷ್ಟೊಂದು ಕೊಳ್ಳುವವರು ಒಂದೇ ಲಾಟಿನ ಮುಂದೆ ಸೇರಿರುವುದೇ ಆ ಕಾಯ್ದೆಯಿಂದ.

2. ತೂಕ ಮತ್ತು ಪಾವತಿ ಬೆಲೆಯಷ್ಟೇ ಮುಖ್ಯ

ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೂಗಿ ಹಣಕ್ಕೆ ತಿಂಗಳುಗಟ್ಟಲೆ ಅಲೆಸಿದರೆ ಆ ಹತ್ತು ರೂಪಾಯಿ ಬಡ್ಡಿಗೇ ಹೋಗುತ್ತದೆ. ಗೂಡಿನ ಮಾರುಕಟ್ಟೆಗೆ ಎಲೆಕ್ಟ್ರಾನಿಕ್ ತಕ್ಕಡಿ, ಖಾತೆಗೆ ನೇರ ಜಮೆ ಬಂದ ಮೇಲೆ ಚಿಕ್ಕ ಬೆಳೆಗಾರ ತಲೆಯೆತ್ತಿ ನಿಂತಿದ್ದಾನೆ. ಎಪಿಎಂಸಿ ಹೊರಗೆ ಯಾರು ಕೊಂಡರೂ ಇದೇ ನಿಯಮ ಇರಲಿ. ಹಣ ಬರದಿದ್ದರೆ ದೂರು ಕೇಳುವ ಕಚೇರಿ ತಾಲ್ಲೂಕಿನಲ್ಲೇ ಇರಲಿ.

3. ಸುಂಕ ಇಳಿಸುವುದಾದರೆ ಮೆಟ್ಟಿಲು ಮೆಟ್ಟಿಲಾಗಿ

ಈ ಪಾಠವನ್ನು ಇಡೀ ಜಿಲ್ಲೆ ಕಲಿತಿದೆ. 2001ರಲ್ಲಿ ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳು ಹೋದವು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಒಂದೇ ಏಟಿಗೆ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ನೇಕಾರರಿಗೆ ಅಗ್ಗದ ನೂಲು ಸಿಗಲಿ ಎಂಬ ಉದ್ದೇಶ ತಪ್ಪಲ್ಲ, ನೇಕಾರರೂ ನಮ್ಮವರೇ. ಆದರೆ ಚೀನಾ ನೂಲಿನ ಎದುರು ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವ ಗಿಡ, ಹುಳುಮನೆ ಸಾಲದಲ್ಲಿ ಕಟ್ಟಿದ್ದು. ಬಜೆಟ್ ಬದಲಾದ ವೇಗದಲ್ಲಿ ಇವು ಬದಲಾಗುವುದಿಲ್ಲ. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು, ನಡುವೆ ಇಳಿದು, 2021ರಲ್ಲಿ ಶೇ. 10ರಿಂದ ಮತ್ತೆ ಶೇ. 15 ಆಯಿತು. ಹೀಗೆ ಏರಿಳಿಯುತ್ತಿದ್ದರೆ ಬೆಳೆಗಾರ ಯಾವ ಲೆಕ್ಕದ ಮೇಲೆ ಉತ್ತಮ ನೂಲಿನ ದ್ವಿತಳಿ ಗೂಡಿಗೆ ಬಂಡವಾಳ ಹಾಕಬೇಕು? ಐದು ವರ್ಷದ ಸುಂಕದ ದಾರಿಯನ್ನು ಮೊದಲೇ ಸಾರಲಿ. ಆ ಐದು ವರ್ಷ ಒಳ್ಳೆಯ ಮೊಟ್ಟೆ, ಮರಿಹುಳು ಸಾಕುವ ಚಾಕಿ ಕೇಂದ್ರ, ಸ್ವಯಂಚಾಲಿತ ರೀಲಿಂಗ್ ಯಂತ್ರಕ್ಕೆ ಹಣ ಬರಲಿ. ಆಗ ಪೈಪೋಟಿಗೆ ನಾವೂ ಸಿದ್ಧ.

4. ದೇಶದೊಳಗಿನ ಬೇಲಿ ಮೊದಲು ಕೀಳಬೇಕು

2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಬರದಂತೆ ತಡೆಯಿತು. ಅಲ್ಲಿನ ಪಲ್ಪ್ ಕಾರ್ಖಾನೆಗಳನ್ನೇ ನಂಬಿದ್ದ ಕರ್ನಾಟಕದ ಬೆಳೆಗಾರರಿಗೆ ಹಣ್ಣು ಕೀಳುವ ಹೊತ್ತಿನಲ್ಲೇ ದಾರಿ ಮುಚ್ಚಿತು. ಕೊನೆಗೆ ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕ ಹಿಡಿದು, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಲು ಒಪ್ಪಿತು. ಪರಿಹಾರ ಬೇಕಿತ್ತು, ಬಂತು. ಆದರೆ ಸಂಸ್ಕರಣಾ ಘಟಕ ನಮ್ಮ ಜಿಲ್ಲೆಯಲ್ಲೇ ಸಾಕಷ್ಟಿದ್ದರೆ ಪಕ್ಕದ ರಾಜ್ಯದ ಒಂದು ಆದೇಶಕ್ಕೆ ನಾವು ಇಷ್ಟು ನಡುಗಬೇಕಿರಲಿಲ್ಲ. ಇಂಥ ಘಟಕವಿಲ್ಲದ ಕಡೆ ಮಾವಿನ ತೋಟ ಹೂವಿಗೇ ಗುತ್ತಿಗೆಗೆ ಹೋಗುತ್ತದೆ.

5. ಬೆಂಬಲ ಬೆಲೆ ಕಾಗದದಲ್ಲಿದ್ದರೆ ಸಾಲದು

2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ ನಿಗದಿಯಾಗಿತ್ತು. ಮನೆಬಾಗಿಲಿಗೆ ಬರುವ ವ್ಯಾಪಾರಿ ಆಯಾ ವರ್ಷದ ಈ ಅಂಕಿ ನೋಡಿಯೇ ತನ್ನ ಬೆಲೆ ಹೇಳುತ್ತಾನೆ. ಹೀಗಾಗಿ ಖರೀದಿ ಕೇಂದ್ರಕ್ಕೆ ಹಾಕದವನಿಗೂ ಇದರಿಂದ ಅನುಕೂಲವೇ. ಆದರೆ ಒಕ್ಕಣೆ ಮುಗಿದ ಮೇಲೂ ಖರೀದಿ ಕೇಂದ್ರ ತೆರೆಯದಿದ್ದರೆ, ಕೈಸಾಲವಿದ್ದವನು ಕಾಯಲಾರ, ಸಿಕ್ಕಷ್ಟಕ್ಕೆ ಕೊಟ್ಟುಬಿಡುತ್ತಾನೆ. ಕಣ ಸಾರಿಸುವ ಹೊತ್ತಿಗೆ ಕೇಂದ್ರದ ಬಾಗಿಲು ತೆರೆದಿರಬೇಕು. ಕಾಯಬಲ್ಲವನಿಗೆ ಊರ ಸಮೀಪ ಗೋದಾಮು, ರಾಗಿಯ ಅಡಮಾನದ ಮೇಲೆ ಸಾಲ ಸಿಗಬೇಕು.

6. ಒಬ್ಬಂಟಿಗೆ ಮುಕ್ತ ಮಾರುಕಟ್ಟೆ ಇಲ್ಲ

ಎರಡು ಹಸು ಕಟ್ಟಿದವಳು ಬೆಳಿಗ್ಗೆ ನಾಲ್ಕು ಲೀಟರ್ ತಂದರೂ ಸಹಕಾರ ಸಂಘದ ಡೇರಿಯಲ್ಲಿ ಫ್ಯಾಟ್ ಅಳೆದು, ಉಳಿದವರಿಗೆ ಕೊಡುವ ದರವನ್ನೇ ಕೊಡುತ್ತಾರೆ. ಆ ಹಾಲು ಬೆಂಗಳೂರು ಹಾಲು ಒಕ್ಕೂಟದ (ಬಮೂಲ್) ಮೂಲಕ ಬೆಂಗಳೂರು ಸೇರುತ್ತದೆ. 2019ರ ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದಾಗ, ಹೊರಗಿನ ಅಗ್ಗದ ಹಾಲಿನ ಉತ್ಪನ್ನ ಬಂದೀತೆಂಬ ಹೈನುಗಾರರ ಆತಂಕಕ್ಕೆ ಬೆಲೆ ಸಿಕ್ಕಿತು. ಸಂಘಟಿತರಾಗಿದ್ದರಿಂದಲೇ ಅವರ ದನಿ ದೆಹಲಿಗೆ ಮುಟ್ಟಿತು. ಮಾವಿಗೆ, ತರಕಾರಿಗೆ ಇಂಥ ಬಲವಾದ ಸಂಘ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಕಾಯ್ದೆ ತಿದ್ದುವವರಲ್ಲಿ ನನ್ನ ಕೋರಿಕೆ ಇಷ್ಟೇ. ಯಾವುದನ್ನು ತೆಗೆಯಬೇಕು ಎಂಬ ಪಟ್ಟಿಯ ಜೊತೆಗೆ ಯಾವುದನ್ನು ಕಟ್ಟಬೇಕು ಎಂಬ ಪಟ್ಟಿಯನ್ನೂ ಅದೇ ದಿನ ಮಂಡಿಸಿ: ಹರಾಜು ಕಟ್ಟೆ, ತಕ್ಕಡಿ, ಗೋದಾಮು, ಕಾರ್ಖಾನೆ, ಸಂಘ. ಎರಡನೆಯ ಪಟ್ಟಿಗೆ ಹಣ ಇಟ್ಟ ಮೇಲೆ ಮೊದಲನೆಯದನ್ನು ಕೈಗೆತ್ತಿಕೊಳ್ಳಿ. ಆಗ ಬೆಳೆಗಾರರೇ ಮುಂದೆ ನಿಂತು ಬಾಗಿಲು ತೆರೆಯುತ್ತಾರೆ.