ಚಂಚಲ: ಒಂದು ಪದದ ಧ್ಯಾನ
(ಯಾಕೋಬ 1:5-8, 4:8)



ಇವತ್ತು ಒಂದೇ ಪದ ಧ್ಯಾನಿಸೋಣ: ಚಂಚಲ. ಇದು ಸಂಸ್ಕೃತದಿಂದ ಬಂದದ್ದು. 'ಚಲ್' ಅಂದರೆ ಚಲಿಸು, ಅಲುಗಾಡು. ಚಲನೆ, ಅಚಲ ಎಲ್ಲಾ ಅದೇ ಮೂಲದವು. ಚಂಚಲದಲ್ಲಿ ಆ ಮೂಲ ಎರಡು ಸಲ ಕೇಳಿಸುತ್ತೆ, ಅಂದರೆ ಅಲುಗಾಡುತ್ತಲೇ ಇರೋದು. ಮಿಂಚಿಗೂ ಚಂಚಲೆ ಅನ್ನೋ ಹೆಸರಿದೆ.

ಈಗ ಯಾಕೋಬ 1:8 ತೆಗೆಯಿರಿ. ಎರಡು ಮನಸ್ಸಿನವನು ಚಂಚಲನು ಅನ್ನುತ್ತಾನೆ ಯಾಕೋಬ. ಎರಡು ಮನಸ್ಸಿಗೆ ಗ್ರೀಕ್ ಪದ 'ದಿಪ್ಸುಖೋಸ್'. 'ದಿ' ಅಂದರೆ ಎರಡು, 'ಪ್ಸುಖೇ' ಅಂದರೆ ಪ್ರಾಣ, ಮನಸ್ಸು. ಹೊಸ ಒಡಂಬಡಿಕೆಯಲ್ಲಿ ಇದು ಬರೋದು ಎರಡೇ ಸಲ, ಎರಡೂ ಈ ಪತ್ರಿಕೆಯಲ್ಲೇ. ಚಂಚಲ ಅನ್ನೋದಕ್ಕೆ ಅಲ್ಲಿರುವ ಪದದ ಅರ್ಥ, ನೆಲೆ ನಿಲ್ಲದವನು. ಎರಡು ಮನಸ್ಸು ಬೇರು, ಚಂಚಲತೆ ಅದರ ಫಲ.

"ಬ್ರದರ್, ಹಾಗಾದ್ರೆ ಕೆಲಸ ಬದಲಾಯಿಸೋದು, ಊರು ಬಿಡೋದು ತಪ್ಪಾ?" ಅಂತ ಕೇಳ್ತೀರಿ. ಅಬ್ರಹಾಮನೂ ಊರು ಬಿಟ್ಟನಲ್ಲ! ಕಾರವಾರದ ಬೈತಖೋಲ್ ಬಂದರಿಗೆ ಹೋಗಿ ನೋಡಿ. ಲಂಗರು ಹಾಕಿದ ದೋಣಿಯೂ ಅಲುಗಾಡುತ್ತೆ, ಆದರೆ ಕೊಚ್ಚಿ ಹೋಗೋದಿಲ್ಲ. ಯಾಕೋಬ ಎಚ್ಚರಿಸೋದು ಗಾಳಿ ತಳ್ಳಿದ ಕಡೆ ಹೋಗುವ ಅಲೆಯ ಬಗ್ಗೆ.

ನನ್ನದೇ ಸಾಕ್ಷಿ ಹೇಳ್ತೇನೆ. ಬೈಬಲ್ ಕಾಲೇಜು ಮುಗಿಸಿದ ವರ್ಷ ಅಂಕೋಲೆಯ ಒಂದು ಮನೆಯಲ್ಲಿ ಪ್ರತಿ ಶುಕ್ರವಾರ ಪ್ರಾರ್ಥನಾಕೂಟ ನಡೆಸ್ತೇನೆ ಅಂತ ಒಪ್ಪಿಕೊಂಡೆ. ಅದೇ ವಾರ ಗೋವಾದ ಒಂದು ಕೆಲಸಕ್ಕೂ ಹೂಂ ಅಂದೆ. ಎರಡಕ್ಕೂ "ದೇವರ ಚಿತ್ತ" ಅಂದೆ! ಮೂರು ಶುಕ್ರವಾರ ಆ ಮನೆಯ ಅಜ್ಜಿ ಚಾಪೆ ಹಾಸಿ ಕಾದರು. ನಾನು ಒಂದು ಫೋನ್ ಕೂಡ ಮಾಡಲಿಲ್ಲ.

ಅಂಕೋಲೆ ಎಂಥ ಊರು ಗೊತ್ತಲ್ಲ? 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆದ ಊರು. ಆಮೇಲಿನ ಕರನಿರಾಕರಣೆಯಲ್ಲಿ ಆ ತಾಲೂಕಿನ ರೈತರು ಜಮೀನು ಕಳಕೊಂಡರೂ ಕದಲಲಿಲ್ಲ. ಅಂಥ ಊರಲ್ಲಿ ನನಗೆ ಒಂದು ಶುಕ್ರವಾರದ ಮಾತು ಉಳಿಸಿಕೊಳ್ಳೋಕಾಗಲಿಲ್ಲ.

ನಾಲ್ಕನೇ ವಾರ ತಲೆ ತಗ್ಗಿಸಿ ಹೋದೆ. ಚಾಪೆ ಹಾಸಿಯೇ ಇತ್ತು. "ಬಂದ್ಯಾ ಮಗಾ, ಕೂತ್ಕೋ" ಅಂದರು, ಅಷ್ಟೇ. ಆ ರಾತ್ರಿ ಗೋವಾದವರಿಗೆ ಫೋನ್ ಮಾಡಿ ಬರೋದಿಲ್ಲ ಅಂದೆ.

ಪ್ರಿಯರೇ, ಯಾಕೋಬ 4:8ರಲ್ಲಿ ಎರಡು ಮನಸ್ಸಿನವರಿಗೂ ಕರೆಯಿದೆ: ದೇವರ ಸಮೀಪಕ್ಕೆ ಬನ್ನಿರಿ, ಹೃದಯ ಶುದ್ಧಿ ಮಾಡಿಕೊಳ್ಳಿರಿ. ಆತನು ಬಾಗಿಲು ಹಾಕಿಕೊಂಡಿಲ್ಲ. ನಿಮಗಾಗಿ ಯಾರು ಚಾಪೆ ಹಾಸಿ ಕಾಯ್ತಾ ಇದ್ದಾರೆ? ಇವತ್ತೇ ಅವರಿಗೆ ಫೋನ್ ಮಾಡಿ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಅನ್ನಿ. ಕರ್ತನು ನಮಗೆ ಒಂದೇ ಮನಸ್ಸನ್ನು ಕೊಡಲಿ. ಆಮೆನ್.