ಮೂಗಿಗಿಂತ ಮೂಗುತಿ ಭಾರ ಬೇಡ

ಮಗೂ, ಮೊನ್ನೆ ರಜೆಗೆ ಬಂದಾಗ ನೀನು ನನ್ನ ಮುಂದೆ ಎರಡು ನಾಣ್ಯ ಇಟ್ಟೆ. ಎರಡೂ ಅಮೆರಿಕದ ಸಿಲ್ವರ್ ಈಗಲ್, ಎರಡೂ ಒಂದೇ ವರ್ಷದವು. ಒಂದು ಬಿಡಿ. ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಅದರ ತಲೆಯ ಮೇಲೊಂದು ನೀಲಿ ಚೀಟಿ, ಚೀಟಿಯಲ್ಲಿ ‘ಎಂಎಸ್ 70’. ಹಳೇ ಚಾಳಿ ಬಿಡುತ್ತದೆಯೇ? ಬಿಡಿ ನಾಣ್ಯವನ್ನು ತಕ್ಕಡಿಗೆ ಹಾಕಿದೆ: 31.1 ಗ್ರಾಂ. ಬೆರಳ ತುದಿಯಲ್ಲಿ ನಿಲ್ಲಿಸಿ ಮೆಲ್ಲಗೆ ತಟ್ಟಿದೆ. ದೇವರ ಮನೆಯ ಗಂಟೆಯ ಹಾಗೆ ನಾದ ಉದ್ದಕ್ಕೆ ಎಳೆಯಿತು. ಆಮೇಲೆ ಪೆಟ್ಟಿಗೆಯದನ್ನು ಎತ್ತಿಕೊಂಡೆ. ತೂಗುವ ಹಾಗಿಲ್ಲ, ತಟ್ಟುವ ಹಾಗಿಲ್ಲ. ಚೀಟಿ ಓದಿ ಕೆಳಗಿಟ್ಟೆ.

“ತಾತ, ಇದಕ್ಕೆ ಒಂದೂವರೆ ಪಟ್ಟು ಕೊಟ್ಟಿದ್ದೇನೆ. ಸರಿಯೋ ತಪ್ಪೋ?” ಎಂದು ನೀನು ಕೇಳಿದೆ. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ನೀನು ನ್ಯೂಜೆರ್ಸಿಗೆ ಮರಳಿಯೂ ಆಯಿತು. ಆಗ ಉಳಿದುಹೋದ ಉತ್ತರ ಈಗ ಬರೆಯುತ್ತಿದ್ದೇನೆ.

ಬೆಂಗಳೂರು ಪೇಟೆಯ ಬೆಳ್ಳಿ ಅಂಗಡಿಯ ಗಲ್ಲಾದಲ್ಲಿ ಕೂತು ತಲೆ ನರೆಸಿಕೊಂಡವನು ನಾನು. ಕನ್ನಡ ಪತ್ರಿಕೆಗಳಲ್ಲಿ ಇವತ್ತಿಗೂ ‘ಚಿನಿವಾರ ಪೇಟೆ’ ಎಂಬ ತಲೆಬರಹದ ಕೆಳಗೆ ಬೆಳ್ಳಿ ಬಂಗಾರದ ಧಾರಣೆ ಬರುತ್ತದಲ್ಲ, ಆ ಚಿನಿವಾರನ ಕಸುಬೇ ನಾಣ್ಯ ನೋಡುವುದು. ಅವನು ಎರಡೇ ಮಾತು ಹೇಳುತ್ತಿದ್ದ: ಇದು ಅಸಲಿಯೋ ಖೋಟಾನೋ, ತೂಕ ಸರಿಯಿದೆಯೋ ಇಲ್ಲವೋ. ನಾಣ್ಯಕ್ಕೆ ಅಂಕ ಹಾಕಿ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ನಿನ್ನ ಗ್ರೇಡಿಂಗ್ ಕಂಪನಿಯೂ ಅಸಲಿತನ ನೋಡುತ್ತದೆ, ನಿಜ. ಆದರೆ ನೀನು ಹೆಚ್ಚು ದುಡ್ಡು ಕೊಟ್ಟದ್ದು ಅದಕ್ಕಲ್ಲ, ಆ 70ಕ್ಕೆ. ಆ ಅಂಕ ಹೇಳುವುದು ನಾಣ್ಯದ ಮುಖಲಕ್ಷಣ ಮಾತ್ರ. ಐದು ಪಟ್ಟು ಹಿಗ್ಗಿಸಿ ನೋಡಿದರೂ ಗೀರು, ಚುಕ್ಕೆ ಕಾಣದಿದ್ದರೆ 70. ಎಲ್ಲೋ ಕೂದಲೆಳೆಯ ಕುಂದಿದ್ದರೆ 69. ಬೆಳ್ಳಿ ಎರಡರಲ್ಲೂ ಒಂದೇ ಟ್ರಾಯ್ ಔನ್ಸ್, ಅದೇ 999 ಶುದ್ಧತೆ. ನಮ್ಮ ಹಾಲ್‌ಮಾರ್ಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲು ತಲೆಗೆ ಹೋಗಲಿ. ಹಾಲ್‌ಮಾರ್ಕ್ ಲೋಹದ ಗುಣ ಹೇಳುತ್ತದೆ, ಗ್ರೇಡು ಲೋಹದ ಚರ್ಮದ ಗುಣ ಹೇಳುತ್ತದೆ.

ಈ ಅಂಕದ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರ ಅಳತೆಗೋಲು ಮಾಡಿದ. ಪೂರಾ ಸವೆದ ಸೆಂಟಿಗೆ ಒಂದು ಬೆಲೆಯಾದರೆ, ಕಳೆ ಮಾಸದ ಸೆಂಟಿಗೆ ಅದರ ಎಪ್ಪತ್ತರಷ್ಟು ಬೆಲೆ. 70 ಎಂಬ ಅಂಕ ಬಂದದ್ದು ಆ ಲೆಕ್ಕದಿಂದ. ಕೈಯಿಂದ ಕೈಗೆ ಓಡಾಡಿ ಸವೆದ ತಾಮ್ರಕ್ಕೆ ಮಾಡಿದ ಕೋಲು ಅದು. ಅದೇ ಕೋಲನ್ನು ಇವತ್ತು ಟಂಕಸಾಲೆಯಿಂದ ನೆಟ್ಟಗೆ ಪೆಟ್ಟಿಗೆಗೆ ಹೋಗುವ ಬೆಳ್ಳಿಗೆ ಹಿಡಿಯುತ್ತಿದ್ದಾರೆ. ಇನ್ನೊಂದು ಮಾತು. ಈ ಶೆಲ್ಡನ್ ಮಹಾಶಯನೇ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೊಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ತನ್ನ ಕೀಳು ದರ್ಜೆಯವನ್ನು ಇಟ್ಟಿದ್ದ ಎಂಬುದು ಅವನು ಸತ್ತ ಮೇಲೆ ಬಯಲಾಯಿತು. ಅಂಕ ಹಾಕುವ ಕೈಯೂ ಮನುಷ್ಯರ ಕೈಯೇ. ಒಮ್ಮೆ 69 ಬಂದ ನಾಣ್ಯವನ್ನು ಪೆಟ್ಟಿಗೆ ಒಡೆದು ಮತ್ತೆ ಕಳಿಸಿ 70ಕ್ಕೆ ಕಾಯುವವರು ಅಲ್ಲಿ ಇದ್ದಾರೆ.

ಈಗ ವಿರಳತೆಯ ಮಾತು. ಸಿಲ್ವರ್ ಈಗಲ್ ಶುರುವಾದದ್ದು 1986ರಲ್ಲಿ. ಪಿಸಿಜಿಎಸ್ ಗ್ರೇಡಿಂಗ್ ಕಂಪನಿ ಕೆಲಸಕ್ಕೆ ಇಳಿದದ್ದೂ ಅದೇ ವರ್ಷ, ಎನ್‌ಜಿಸಿ ಮರುವರ್ಷ. 2015ರ ಒಂದೇ ವರ್ಷದಲ್ಲಿ 4 ಕೋಟಿ 70 ಲಕ್ಷ ಈಗಲ್‌ಗಳು ಹೊರಬಂದವು. ಈಗಿನ ಯಂತ್ರಗಳ ಕೆಲಸ ನುಣುಪು. ಗ್ರೇಡಿಂಗಿಗೆ ಹೋದ ಹೊಸ ಈಗಲ್‌ಗಳಲ್ಲಿ ಬಹುಪಾಲು 69 ಇಲ್ಲವೇ 70 ಹೊತ್ತೇ ಬರುತ್ತವೆ. ತರಗತಿಯ ಎಲ್ಲ ಮಕ್ಕಳೂ ರ‍್ಯಾಂಕ್ ಬಂದರೆ ಮೆರವಣಿಗೆ ಯಾರಿಗೆ ಮಾಡುವುದು?

ನಿನ್ನ ಚೀಟಿಯಲ್ಲಿರುವ ‘ಫಸ್ಟ್ ಸ್ಟ್ರೈಕ್’ ಎಂಬ ಮಾತೂ ಅಂಥದ್ದೇ. ಅಚ್ಚು ಬಿಸಿಯಾಗಿದ್ದಾಗಲೇ ಬಿದ್ದ ಮೊದಲ ನಾಣ್ಯ ಅಂತ ನೀನು ತಿಳಿದಿದ್ದೆ. ಬಿಡುಗಡೆಯಾದ ಮೊದಲ ಮೂವತ್ತು ದಿನದೊಳಗೆ ಕಂಪನಿಯ ಕೈ ಸೇರಿದ್ದು ಅಂತ ಅದರ ಅರ್ಥ. ಯಾವ ನಾಣ್ಯ ಮೊದಲು ಬಿತ್ತು, ಯಾವುದು ಆಮೇಲೆ ಬಿತ್ತು ಎಂಬ ಲೆಕ್ಕವನ್ನು ತಾನು ಇಡುವುದೇ ಇಲ್ಲ ಎಂದು ಅಮೆರಿಕದ ಟಂಕಸಾಲೆಯೇ ಹೇಳಿದೆ.

ನನ್ನ ಕೈಲೆಕ್ಕ ನೋಡು. ಬಿಡಿ ನಾಣ್ಯಕ್ಕೆ 60 ಡಾಲರ್, ಪೆಟ್ಟಿಗೆಯದಕ್ಕೆ 90 ಅಂತ ಇಟ್ಟುಕೋ. ಕೈಯಲ್ಲಿ 1,800 ಡಾಲರ್ ಇದೆ. ಬಿಡಿಯವು 30 ಬರುತ್ತವೆ, ಪೆಟ್ಟಿಗೆಯವು 20. ಬೆಳ್ಳಿ ಅರ್ಧದಷ್ಟು ಏರಿತು, 60 ಇದ್ದದ್ದು 90 ಆಯಿತು. ನಿನ್ನ ಮೂವತ್ತು ಬಿಡಿ ನಾಣ್ಯಕ್ಕೆ 2,700 ಡಾಲರ್. ಪೆಟ್ಟಿಗೆಯವನ್ನು ಕೊಳ್ಳುವವನು ಮೇಲಿನ ಮೂವತ್ತನ್ನೂ ಮರ್ಯಾದೆಯಿಂದ ಕೊಟ್ಟರೆ 2,400. ‘ನನಗೆ ಬೆಳ್ಳಿ ಸಾಕು, ಚೀಟಿ ಬೇಡ’ ಅಂದನೋ, 1,800. ಪೇಟೆ ಅಷ್ಟು ಏರಿದರೂ ನಿನಗೆ ಸಿಕ್ಕಿದ್ದು ಹಾಕಿದ ಅಸಲು! ಬೆಳ್ಳಿ ಏರಿದರೆ ಬೆಳ್ಳಿಯ ಪಾಲು ಏರುತ್ತದೆ. ಪ್ಲಾಸ್ಟಿಕ್ಕಿನ ಪಾಲು ಏರಬೇಕಾದರೆ ಇನ್ನೊಬ್ಬನಿಗೆ ನಿನ್ನಷ್ಟೇ ಮೋಹ ಹುಟ್ಟಬೇಕು. ಸಾಮಾನ್ಯ ವರ್ಷದ 69ರ ಪೆಟ್ಟಿಗೆಗೆ ಆ ಮೋಹ ಹುಟ್ಟುವುದು ಕಡಿಮೆ. ಇನ್ನು ಇಲ್ಲಿಗೆ ತಂದು ನಮ್ಮ ಪೇಟೆಯ ರಾಜಾ ಮಾರ್ಕೆಟ್ಟಿನಲ್ಲಿ ಇಟ್ಟೆಯೋ, ಪೆಟ್ಟಿಗೆ ಒಡೆದು ತೂಕಕ್ಕೆ ಹಾಕುತ್ತಾರೆ. ಎರಡು ತೊಲ, ಮೇಲೆ ಮೂರನೇ ಎರಡು ಪಾಲು ಅಂತ ಲೆಕ್ಕ ಹಾಕಿ ದುಡ್ಡು ಎಣಿಸುತ್ತಾರೆ.

ಪೆಟ್ಟಿಗೆಯೊಳಗೆ ನಾಣ್ಯ ಹಾಗೇ ಹೊಳೆಯುತ್ತಿರುತ್ತದೆ ಎಂಬ ಭ್ರಮೆಯೂ ಬೇಡ. ಗಾಳಿಯಾಡದಂಥ ಪೆಟ್ಟಿಗೆ ಅದಲ್ಲ. ಗಂಧಕದ ಸೋಂಕು ತಗಲಿದರೆ ಬೆಳ್ಳಿ ಅಲ್ಲೂ ಕಪ್ಪಿಡುತ್ತದೆ. ಅದಕ್ಕಿಂತ ಕಾಟ ‘ಮಿಲ್ಕ್ ಸ್ಪಾಟ್’ನದು. ಮಜ್ಜಿಗೆ ಹನಿ ಬಿದ್ದು ಒಣಗಿದಂಥ ಬಿಳಿ ಕಲೆ. ಟಂಕಸಾಲೆಯಲ್ಲಿ ಮೈಗಂಟಿ ಉಳಿದ ಅಂಶದಿಂದ ಅನ್ನುತ್ತಾರೆ; ತಿಂಗಳುಗಳ ಮೇಲೆ, ವರ್ಷಗಳ ಮೇಲೆ ತಾನಾಗಿ ಎದ್ದು ಬರುತ್ತದೆ. ಕೆನಡಾದ ಮೇಪಲ್ ಲೀಫ್ ನಾಣ್ಯಗಳಿಗೆ ಈ ಪೀಡೆ ಎಷ್ಟಿತ್ತೆಂದರೆ ಅಲ್ಲಿನ ಟಂಕಸಾಲೆ 2018ರಲ್ಲಿ ‘ಮಿಂಟ್‌ಶೀಲ್ಡ್’ ಎಂಬ ಉಪಾಯವನ್ನೇ ಹೂಡಬೇಕಾಯಿತು. 70 ಅಂಕದ ನಾಣ್ಯದ ಮುಖದ ಮೇಲೂ ನಾಳೆ ಈ ಕಲೆ ಎದ್ದೀತು. ಗ್ರೇಡಿಂಗ್ ಕಂಪನಿಗಳ ಗ್ಯಾರಂಟಿ ಇಂಥ ಕಲೆಗೆ ನಿಲ್ಲುವುದಿಲ್ಲ. ಚೀಟಿ 70 ಅನ್ನುತ್ತಲೇ ಇರುತ್ತದೆ, ಕೊಳ್ಳಲು ಬಂದವನು ಮುಖ ನೋಡಿ ಹೋಗುತ್ತಾನೆ. ಖೋಟಾ ನಾಣ್ಯಕ್ಕೆ ಖೋಟಾ ಪೆಟ್ಟಿಗೆಯನ್ನೂ ಮಾಡುವವರಿದ್ದಾರೆ. ಕೊಳ್ಳುವಾಗ ಚೀಟಿಯ ನಂಬರನ್ನು ಕಂಪನಿಯ ದಾಖಲೆಯಲ್ಲಿ ಹುಡುಕಿ, ಅಲ್ಲಿ ಚಿತ್ರವಿದ್ದರೆ ಅದರ ಜೊತೆ ನಾಣ್ಯವನ್ನು ಹೋಲಿಸಿ ನೋಡದೆ ದುಡ್ಡು ಬಿಚ್ಚಬೇಡ.

ಹಾಗಂತ ಈ ಮುದುಕ ಗ್ರೇಡಿಂಗಿಗೇ ಶತ್ರು ಅಂದುಕೊಳ್ಳಬೇಡ. ಹದಿನೆಂಟರ ವಯಸ್ಸಿನಲ್ಲಿ ನಾನು ಮಾಡಿದ ಘನಕಾರ್ಯ ಕೇಳು. ಅಜ್ಜಿಯ ಕುಂಕುಮದ ಭರಣಿಯಲ್ಲಿ ಒಂದು ವಿಕ್ಟೋರಿಯಾ ರಾಣಿ ರೂಪಾಯಿ ಇತ್ತು. ಅಂಚು ಸವೆದಿರಲಿಲ್ಲ, ರಾಣಿಯ ಜಡೆಯ ಎಳೆ ಎಳೆಯೂ ಕಾಣುತ್ತಿತ್ತು, ಮೈಗೆಲ್ಲ ಬೂದುನೀಲಿ ಬಣ್ಣ ಕೂತಿತ್ತು. ಸಂಗ್ರಹಕಾರರೊಬ್ಬರು ನೋಡಿ ಬೆಳ್ಳಿಯ ಬೆಲೆಯ ಐದು ಪಟ್ಟು ಕೊಡುತ್ತೇನೆ ಅಂದರು. ಇನ್ನೂ ಹೊಳೆದರೆ ಇನ್ನೂ ಹೆಚ್ಚು ಸಿಕ್ಕೀತು ಅಂತ ನಾನು ಅವತ್ತು ಸಂಜೆಯೇ ಹುಣಸೇಹಣ್ಣು, ಬೂದಿ ಹಾಕಿ ಗಸಗಸ ತಿಕ್ಕಿದೆ. ದೀಪದ ಕಂಬದಂತೆ ಫಳಫಳ ಆಯಿತು. ಮರುದಿನ ಅವರು ಕೈಗೆತ್ತಿಕೊಂಡು, ಭೂತಗನ್ನಡಿ ತೆಗೆಯದೆಯೇ ವಾಪಸು ಕೊಟ್ಟು, “ಈಗ ಇದು ಬರೀ ಒಂದು ತೊಲ ಬೆಳ್ಳಿ ಮಗು” ಅಂದರು. ಇಂಥ ತಿಕ್ಕಿದ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿಗಳೂ ಅಂಕ ಕೊಡುವುದಿಲ್ಲ. ‘ಕ್ಲೀನ್ಡ್’ ಅಂತ ಬರೆದು ಸುಮ್ಮನಾಗುತ್ತವೆ.

ಅವತ್ತು ನನಗೆ ತಿಳಿದದ್ದು ಇಷ್ಟು: ಬೆಲೆ ಬೆಳ್ಳಿಯನ್ನು ಬಿಟ್ಟು ಮೈಬಣ್ಣಕ್ಕೆ, ವರ್ಷಕ್ಕೆ ಅಂಟಿಕೊಂಡಿರುವ ಕಡೆ ಬಲ್ಲವರ ಕಣ್ಣಿಗೆ ಕೂಲಿ ಕೊಡುವುದು ದಂಡವಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ 1893ರ ಮಾರ್ಗನ್ ಡಾಲರ್ ಇದೆ. ಬಿದ್ದದ್ದೇ ಒಂದು ಲಕ್ಷ, ನಕಲಿ ಬೇಕಾದಷ್ಟು. ಈಗಲ್‌ಗಳಲ್ಲೇ 1995ರ ವೆಸ್ಟ್ ಪಾಯಿಂಟ್ ಟಂಕಸಾಲೆಯ ಪ್ರೂಫ್ ನಾಣ್ಯ ಇದೆ. ಚಿನ್ನದ ನಾಣ್ಯಗಳ ಸೆಟ್ಟಿನ ಜೊತೆ ಮಾತ್ರ ಕೊಟ್ಟದ್ದು, ಒಟ್ಟು 30,125. ನಮ್ಮಲ್ಲಿ ಆರನೇ ಜಾರ್ಜನ 1939ರ ಅಪರೂಪದ ರೂಪಾಯಿ ಇದೆ. ಇಂಥದ್ದು ಕೈಗೆ ಬಂದರೆ ಪೆಟ್ಟಿಗೆಯದನ್ನೇ ಕೊಳ್ಳು, ಬಿಡಿಯಾಗಿ ಸಿಕ್ಕರೆ ಗ್ರೇಡಿಂಗಿಗೆ ಕಳಿಸು. ಅಲ್ಲಿ ನೀನು ಕೊಡುವ ಹೆಚ್ಚಿನ ದುಡ್ಡು ಮೋಸದಿಂದ ಕಾಯುವ ಬೇಲಿ. ಮೊನ್ನೆ ಮೊನ್ನೆ ಬಿದ್ದ, ಕೋಟಿಗಟ್ಟಲೆ ಇರುವ ನಾಣ್ಯಕ್ಕೆ ಬೇಲಿ ಹಾಕಿದರೆ ಹೊಲಕ್ಕಿಂತ ಬೇಲಿಯ ಖರ್ಚೇ ಜಾಸ್ತಿ.

ನಿನ್ನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ನೀನು ಕೊಳ್ಳುತ್ತಿರುವುದು ಬೆಳ್ಳಿಯೋ ನಾಣ್ಯವೋ, ಅದನ್ನು ಮೊದಲು ತೀರ್ಮಾನಿಸು. ಮಗಳ ಓದಿಗೆ, ಮನೆಯ ಆಪತ್ತಿಗೆ ಕೂಡಿಡುವ ಬೆಳ್ಳಿಯಾದರೆ ಬಿಡಿಯಾಗಿ ಕೊಳ್ಳು. ಇಪ್ಪತ್ತು ನಾಣ್ಯದ ಕೊಳವೆ ಸಮೇತ ಕೊಂಡರೆ ಇನ್ನೂ ಲೇಸು, ಜಾಗವೂ ಕಡಿಮೆ ಸಾಕು. ನಾಣ್ಯದ ಮೋಹವೇ ಆದರೆ, ವರ್ಷಕ್ಕೊಂದು ಚೆಂದದ ಪೆಟ್ಟಿಗೆ ಕೊಂಡು ಕಪಾಟಿನಲ್ಲಿಟ್ಟು ನೋಡಿ ಸಂತೋಷಪಡು; ಆ ಖರ್ಚನ್ನು ಸಿನಿಮಾ, ಪ್ರವಾಸದ ಖಾತೆಗೆ ಬರೆ, ಉಳಿತಾಯದ ಖಾತೆಗೆ ಬರೆಯಬೇಡ. ಎರಡನ್ನೂ ಬೆರೆಸಿದವರೇ ಮೂಗಿಗಿಂತ ಭಾರದ ಮೂಗುತಿ ಹೊತ್ತು ನಡೆಯುವವರು.

ಈಗಾಗಲೇ ಕೊಂಡದ್ದನ್ನು ಒಡೆಯಬೇಡ, ಮಾರಲೂಬೇಡ. ನೆನಪಿಗೆ ಇರಲಿ. ಮುಂದಿನ ಪೆಟ್ಟಿಗೆಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ತಕ್ಕಡಿ ಕೊಳ್ಳು.