ಬಳುಕುವ ಮೈ, ಚುರುಕಾದ ಆಟ



ಶಾಲೆಯ ಬಯಲಲ್ಲಿ ಹುಡುಗಿಯರು ಖೋ ಖೋ ಆಡೋದನ್ನು ನೀವು ನೋಡಿರ್ತೀರಿ. ಎಂಟು ಜನ ಸಾಲಾಗಿ ಕುಕ್ಕುರುಗಾಲಲ್ಲಿ ಕೂತಿರ್ತಾರೆ. ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳ ಮುಖ ಈ ಕಡೆ. ಬೆನ್ನ ಹಿಂದೆ ‘ಖೋ’ ಅಂದ ಕೂಡಲೇ ಎದ್ದು ಓಡಬೇಕು. ಎದುರಾಳಿ ಕೈಗೆ ಸಿಗದಿದ್ದರೆ ಚಾಚಿ ಮುಟ್ಟಬೇಕು. ಎದುರಾಳಿಯೂ ಸುಮ್ಮನಿರೋದಿಲ್ಲ. ಸೊಂಟ ಬಳುಕಿಸಿ ತಪ್ಪಿಸಿಕೊಳ್ತಾಳೆ.

ಈ ಆಟಕ್ಕೆ ಓಟ ಬೇಕು, ಬಲ ಬೇಕು. ಜೊತೆಗೆ ಮೈ ಬಳುಕಬೇಕು. ಕೈ, ಕಾಲು, ಸೊಂಟ ಚೆನ್ನಾಗಿ ಬಾಗಬೇಕು, ಚಾಚಬೇಕು, ತಿರುಗಬೇಕು. ಪುಸ್ತಕದಲ್ಲಿ ಇದನ್ನು ‘ನಮ್ಯತೆ’ ಅಂತ ಬರೀತಾರೆ. ನಾವು ‘ಬಳುಕು’ ಅನ್ನೋಣ.

ಆಟ ಬಿಡಿಸಬೇಕೇ?

ಮಗಳು ಆಟ ಮುಗಿಸಿ ಕುಂಟುತ್ತಾ ಮನೆಗೆ ಬಂದರೆ ತಾಯಿಯ ಜೀವ ತಡೆಯೋದಿಲ್ಲ. “ಸಾಕು ನಿನ್ನ ಆಟ, ನಾಳೆಯಿಂದ ಹೋಗಬ್ಯಾಡ” ಅಂದುಬಿಡ್ತಾಳೆ. ಎಷ್ಟೋ ಹುಡುಗಿಯರ ಆಟ ಹೀಗೇ ನಿಂತುಹೋಗುತ್ತೆ.

ಸ್ವಲ್ಪ ಯೋಚನೆ ಮಾಡಿ. ಹೋಳಿಗೆಗೆ ಕಣಕ ಕಲಸ್ತೀರಿ. ಚೆನ್ನಾಗಿ ನಾದಿ ನೆನೆಸಿಟ್ಟರೆ ಅದು ಎಳೆದಷ್ಟೂ ಹಿಗ್ಗುತ್ತೆ. ನಾದದ ಹಿಟ್ಟನ್ನು ಎಳೆದರೆ ಹರಿದುಹೋಗುತ್ತೆ. ನಮ್ಮ ಮಾಂಸಖಂಡವೂ ಹೀಗೇ. ಮೈ ಬಿಸಿ ಮಾಡದೆ ಒಮ್ಮೆಲೇ ಓಡಿದರೆ ತೊಡೆಯ ಹಿಂಬದಿ, ಮೀನಖಂಡ ಎಳೆದುಕೊಳ್ಳಬಹುದು. ಆದ್ದರಿಂದ ಆಟ ಬಿಡಿಸೋದಲ್ಲ, ಮೈಯನ್ನು ಹದ ಮಾಡೋದು ಕಲಿಸಬೇಕು.

ಬಳುಕಿನ ಅಭ್ಯಾಸದಲ್ಲಿ ನಾಲ್ಕು ಬಗೆ

1. ಆಡಿಸುವ ಅಭ್ಯಾಸ. ಇದು ಆಟಕ್ಕೆ ಮುಂಚೆ. ಮೊದಲು 5 ನಿಮಿಷ ಮೆಲ್ಲಗೆ ಓಡಬೇಕು. ಆಮೇಲೆ ಗೋಡೆ ಹಿಡಿದು ಒಂದೊಂದೇ ಕಾಲನ್ನು ಹಿಂದೆ ಮುಂದೆ ಬೀಸಬೇಕು. ಮಂಡಿ ಎತ್ತಿ ಎತ್ತಿ ನಡೆಯಬೇಕು. ತೋಳು ತಿರುಗಿಸಬೇಕು. ಸೊಂಟ ಎಡಕ್ಕೆ, ಬಲಕ್ಕೆ ಹೊರಳಿಸಬೇಕು. ಒಂದೊಂದನ್ನೂ 10 ಸಲ ಮಾಡಿದರೆ ಸಾಕು. ಮೈ ಬಿಸಿಯಾಗುತ್ತೆ. ಕೈಕಾಲು ಚುರುಕಾಗುತ್ತೆ.

2. ಹಿಡಿದು ನಿಲ್ಲುವ ಅಭ್ಯಾಸ. ಇದು ಆಟ ಮುಗಿದ ಮೇಲೆ. ಕಾಲು ಚಾಚಿ ಕೂತು, ಮೆಲ್ಲಗೆ ಮುಂದಕ್ಕೆ ಬಾಗಬೇಕು. ಎಳೆತ ಗೊತ್ತಾಗಬೇಕು, ನೋವಾಗಬಾರದು. ಅಲ್ಲೇ 15ರಿಂದ 30 ಸೆಕೆಂಡು ಇರಬೇಕು. ಉಸಿರು ಬಿಗಿ ಹಿಡಿಯಬಾರದು. ಹೀಗೆ ಎರಡು ಮೂರು ಸಲ. ದಿನಾ ಮಾಡಿದರೆ ಕೆಲವು ವಾರಗಳಲ್ಲಿ ಬಳುಕು ಹೆಚ್ಚುತ್ತೆ. ಆದರೆ ಆಟಕ್ಕೆ ಇಳಿಯುವ ಮುಂಚೆ ಒಂದೇ ಕಡೆ ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ, ಓಟದ ವೇಗ, ನೆಗೆತ ಸ್ವಲ್ಪ ಹೊತ್ತು ಕಡಿಮೆಯಾಗಬಹುದು.

3. ಜೊತೆಗಾತಿಯ ಅಭ್ಯಾಸ. ಒಬ್ಬಳು ಅಂಗಾತ ಮಲಗಿ ಕಾಲು ಎತ್ತುತ್ತಾಳೆ. ಇನ್ನೊಬ್ಬಳು ಆ ಕಾಲು ಹಿಡಿಯುತ್ತಾಳೆ. ಮಲಗಿದವಳು 5–6 ಸೆಕೆಂಡು ಕಾಲನ್ನು ಗೆಳತಿಯ ಕೈಗೆ ಒತ್ತಿ, ಸಡಿಲ ಬಿಡುತ್ತಾಳೆ. ಆಗ ಕಾಲು ಇನ್ನಷ್ಟು ಮೇಲೆ ಬರುತ್ತೆ. ಇದನ್ನು ಆಟದ ಮೇಷ್ಟ್ರು ಅಥವಾ ಟೀಚರ್ ಎದುರಿಗೇ ಮಾಡಬೇಕು.

4. ಜಗ್ಗಿ ಜಗ್ಗಿ ಎಳೆಯುವ ಅಭ್ಯಾಸ. ಪಳಗಿದ ಆಟಗಾರರು ಮಾತ್ರ ಇದನ್ನು ಮಾಡ್ತಾರೆ. ಹೊಸಬರು ಮಾಡಬಾರದು. ಮಾಂಸಖಂಡಕ್ಕೆ ಪೆಟ್ಟಾಗಬಹುದು.

ನೆನಪಿಡಿ: ಆಟಕ್ಕೆ ಮುಂಚೆ ಆಡಿಸು, ಆಟ ಆದಮೇಲೆ ಹಿಡಿದು ನಿಲ್ಲು.

ಬರೀ ಬಳುಕಿದ್ದರೆ ಸಾಲದು. ಕಾಲಿಗೆ ಬಲವೂ ಬೇಕು. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಬೇಕು. ಇವೆಲ್ಲ ಇದ್ದರೂ ಒಮ್ಮೊಮ್ಮೆ ಪೆಟ್ಟಾಗುತ್ತೆ. ಆಗ ಆಟ ನಿಲ್ಲಿಸಬೇಕು. ನೋವಿರೋ ಜಾಗವನ್ನು ತಿಕ್ಕಬೇಡಿ, ಎಳೆಯಬೇಡಿ. ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ. ಊತ ಹೆಚ್ಚಾದರೆ, ಕಾಲು ಊರೋಕೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ.

ಹಳ್ಳಿಯಿಂದ ದಿಲ್ಲಿಗೆ

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೇ ಖೋ ಖೋ ವಿಶ್ವಕಪ್ ನಡೆಯಿತು. ಕೊನೆಯ ಪಂದ್ಯದಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳದ ತಂಡವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಚೈತ್ರಾ ಇದ್ದರು. ಅವರು ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯ ಹುಡುಗಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದರು. ನಮ್ಮ ಮಕ್ಕಳೂ ಆಡಬಲ್ಲರು. ಅದಕ್ಕೆ ಮನೆಯವರ ಒಪ್ಪಿಗೆ ಬೇಕು, ದಿನಾ ಸ್ವಲ್ಪ ಹೊತ್ತಿನ ಬಿಡುವು ಬೇಕು.

ಸಂಜೆ ನೀರು ತರೋದು, ಪಾತ್ರೆ ತೊಳೆಯೋದು ಇದ್ದೇ ಇರುತ್ತೆ. ಆ ಕೆಲಸವನ್ನು ಮಗನಿಗೂ ಹಂಚಿ. ಮಗಳಿಗೆ ಜಗಲಿ ಮೇಲೆ 10 ನಿಮಿಷ ಬಿಡುವು ಕೊಡಿ. ನೀವೂ ಪಕ್ಕದಲ್ಲಿ ಕಾಲು ಚಾಚಿ ಕೂತು, ಮೆಲ್ಲಗೆ ಬಾಗಿ ನೋಡಿ. ದಿನವಿಡೀ ನಾಟಿ ಮಾಡಿ ಬಿಗಿದ ಮೈಗೂ ಹಾಯೆನಿಸುತ್ತೆ.

ಓದಿ, ಉತ್ತರ ಬರೆಯಿರಿ

1. ಆಟಕ್ಕೆ ಮುಂಚೆ ಯಾವ ಅಭ್ಯಾಸ ಮಾಡಬೇಕು?
2. ಹೊಸಬರು ಯಾವ ಅಭ್ಯಾಸ ಮಾಡಬಾರದು? ಯಾಕೆ?
3. ಬಿಟ್ಟ ಜಾಗ ತುಂಬಿ: ಎಳೆತ ಗೊತ್ತಾಗಬೇಕು, ______ ಆಗಬಾರದು.

ಕೂಡಿ ಮಾತಾಡಿ

ನಿಮ್ಮೂರಲ್ಲಿ ಹುಡುಗಿಯರು ಯಾವ ವಯಸ್ಸಿಗೆ ಆಟ ಬಿಡ್ತಾರೆ? ಯಾಕೆ ಬಿಡ್ತಾರೆ?